ನಾನು ನುಂಗಿದ ಅರ್ಧ ಮಾತು

ನನಗೆ ಗೊತ್ತಿತ್ತು, ಸುಜಾತಾ.

ಆ ಸಂಜೆ ನರಸೀಪುರದಿಂದ ನಂಜನಗೂಡಿಗೆ ಹೊರಟ ಬಸ್ಸಿನಲ್ಲಿ, ಕಿಟಕಿಯಿಂದ ಮುಖ ತಿರುಗಿಸದೆಯೇ ನೀನು ಕೇಳಿದೆ — "'ಆದ್ರೆ' ಅಂದ್ಮೇಲೆ ನಾನು ಏನ್ ಹೇಳ್ತಿದ್ದೆ ಅಂತ ನಿಂಗೆ ಗೊತ್ತಿತ್ತು ಅಲ್ವಾ?" ನಾನು, "ಇಲ್ಲ ಕಣೇ, ದೇವ್ರಾಣೆ ಗೊತ್ತಿರ್ಲಿಲ್ಲ" ಎಂದೆ. ಸುಳ್ಳಿನ ಜೊತೆಗೆ ದೇವರನ್ನೂ ಎಳೆದು ತಂದೆ. ನನಗೆ ಗೊತ್ತಿತ್ತು. ನಿನ್ನ ಮಾತು ಅಕ್ಷರ ಅಕ್ಷರವಾಗಿ ನೆನಪಿತ್ತು. ನೆನಪಿದ್ದರಿಂದಲೇ ಅದನ್ನು ಅರ್ಧಕ್ಕೆ ಕತ್ತರಿಸಲು ಸಾಧ್ಯವಾಯಿತು.

ಇದನ್ನು ನಿನಗೊಬ್ಬಳಿಗೇ ಹೇಳಬಹುದಿತ್ತು. ನಿನ್ನ ನಂಬರು ನನ್ನ ಬಳಿ ಇದೆ. ಪ್ರತಿ ಯುಗಾದಿಗೆ ಬೇವುಬೆಲ್ಲದ ಚಿತ್ರ ಕಳಿಸುತ್ತೇನೆ, ನೀನು ಕೈಮುಗಿದ ಚಿತ್ರ ವಾಪಸು ಕಳಿಸುತ್ತೀಯ — ಅಲ್ಲಿಗೆ ನಮ್ಮ ಸ್ನೇಹದ ವಾರ್ಷಿಕೋತ್ಸವ ಮುಗಿಯುತ್ತದೆ. ಆದರೆ ತಪ್ಪು ನಡೆದದ್ದು ತುಂಬಿದ ಸಭೆಯಲ್ಲಿ. ಒಪ್ಪಿಕೊಳ್ಳುವುದು ಮಾತ್ರ ಕಿವಿಯಲ್ಲೇಕೆ? ಹಾಗಾಗಿ ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಗೊತ್ತಿಲ್ಲದವರೂ ಕೇಳಲಿ.

ನಾವಿಬ್ಬರೂ ನಂಜನಗೂಡಿನಲ್ಲಿ ಡಿಗ್ರಿ ಓದುತ್ತಿದ್ದ ಕಾಲ. ನಾನು ಸೋಸಲೆಯ ಗೌಡರ ಮನೆಯವಳು, ಕನ್ನಡ ಮೇಜರು. ನೀನು ಬದನವಾಳಿನವಳು, ಖಾದಿ ಕೇಂದ್ರದಲ್ಲಿ ನೂಲುವ ತಾಯಿಯ ಮಗಳು, ಭೌತಶಾಸ್ತ್ರ. ಹಾಸ್ಟೆಲಿನಲ್ಲಿ ಒಂದೇ ಕೋಣೆ. ನಾನು ಮಾತಿನ ಮಲ್ಲಿ. ಬೆಳಗ್ಗೆ ಬಾಯಿ ತೆರೆದರೆ ಮಲಗುವವರೆಗೆ ಮುಚ್ಚುತ್ತಿರಲಿಲ್ಲ. ನೀನು ಒಂದು ಮಾತಾಡಬೇಕಾದರೂ ಮೊದಲು ಅದನ್ನು ತಿರುವಿ ಮುರುವಿ ನೋಡುವವಳು — ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ. ಹುಳುಕಿದ್ದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡುತ್ತಿದ್ದೆ.

ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ನಮ್ಮಿಬ್ಬರನ್ನೇ ಆರಿಸಿದರು. ಹೊರಗಿನವರಿಗೆ ಆ ಪದ್ಧತಿ ವಿಚಿತ್ರ ಅನಿಸಬಹುದು. ಪ್ರತಿ ಕಾಲೇಜಿನಿಂದ ಇಬ್ಬರು ಬರಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಯಾರದು ಹೆಚ್ಚೋ ಆ ಕಾಲೇಜಿಗೆ ಪರ್ಯಾಯ ಫಲಕ. ಒಂದೇ ಬಸ್ಸಿನಲ್ಲಿ ಬಂದು, ಒಂದೇ ಡಬ್ಬಿಯ ಚಿತ್ರಾನ್ನ ತಿಂದು, ವೇದಿಕೆ ಹತ್ತಿದ ಮೇಲೆ ಒಬ್ಬರನ್ನೊಬ್ಬರು ಹರಿದು ಹಾಕಬೇಕು. ಆಮೇಲೆ ಒಟ್ಟಿಗೇ ಫಲಕ ಹಿಡಿದು ಫೋಟೋಗೆ ನಗಬೇಕು. ಸತ್ಯ ಯಾವ ಕಡೆ ಇದ್ದರೂ ಕಾಲೇಜು ಗೆಲ್ಲುವ ವ್ಯವಸ್ಥೆ ಅದು. ಎಷ್ಟು ಜಾಣ ವ್ಯವಸ್ಥೆ ಎಂದು ಆಗ ನಾನು ಮೆಚ್ಚಿಕೊಂಡಿದ್ದೆ.

ಆ ವರ್ಷದ ವಿಷಯ: ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯನೇ ಕಾರಣ. ಪರ ನೀನು, ವಿರೋಧ ನಾನು.

ಸ್ಪರ್ಧೆ ನರಸೀಪುರದಲ್ಲಿ. ಹಿಂದಿನ ದಿನವೇ ಹೊರಟು ಪಕ್ಕದ ಸೋಸಲೆಯ ನಮ್ಮ ಮನೆಯಲ್ಲಿ ಉಳಿಯುವುದೆಂದಾಯಿತು. ದಾರಿಯಲ್ಲಿ ಸಂಗಮಕ್ಕೆ ಹೋಗೋಣ ಎಂದವಳು ನೀನು. ಮಳೆಗಾಲ. ವಯನಾಡಿನ ಮಳೆ ಹೊತ್ತ ಕಪಿಲೆ ಕೆಂಪಗೆ ಬರುತ್ತಿದ್ದಳು, ಕಾವೇರಿ ಇನ್ನೂ ಹಸಿರಾಗಿಯೇ ಇದ್ದಳು. ಸೇರಿದ ಮೇಲೂ ಎರಡು ನೀರೂ ಕೂಡಲೇ ಬೆರೆಯದೆ, ನಡುವೆ ಒಂದು ಗೆರೆ ಇಟ್ಟುಕೊಂಡು ಪಕ್ಕಪಕ್ಕದಲ್ಲೇ ಹೋಗುತ್ತಿದ್ದವು. ನಾನು ಹುಟ್ಟಿದಾಗಿನಿಂದ ನೋಡಿದ ನೀರು. ಆ ಗೆರೆಯನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ.

"ಯಾವ ನೀರು ಎಲ್ಲಿಂದ ಬಂತು ಅಂತ ನದೀನೇ ಹೇಳ್ತಿದೆ ನೋಡು" ಎಂದೆ ನೀನು. "ಗಾಳೀಲೂ ಹಂಗೇ ಕಣೇ."

"ಗಾಳೀಲಿ ಗೆರೆ ಕಾಣುತ್ತಾ?" ಎಂದು ಚುಡಾಯಿಸಿದೆ.

"ಕಣ್ಣಿಗೆ ಕಾಣಲ್ಲ. ಅಳೆಯೋರಿಗೆ ಕಾಣುತ್ತೆ."

ಮೆಟ್ಟಿಲ ಮೇಲೆ ಕುಳಿತು, ಕಾಲು ನೀರಿಗಿಳಿಬಿಟ್ಟು ನೀನು ಹೇಳುತ್ತಾ ಹೋದೆ. ಕಲ್ಲಿದ್ದಲು, ಪೆಟ್ರೋಲು ಎಲ್ಲ ಕೋಟ್ಯಂತರ ವರ್ಷ ನೆಲದಡಿ ಮಲಗಿದ್ದ ಕಾಡು, ಜೀವ. ಅದನ್ನು ಸುಟ್ಟಾಗ ಹೊರಡುವ ಇಂಗಾಲಕ್ಕೂ ಇವತ್ತಿನ ಮರದ ಇಂಗಾಲಕ್ಕೂ ಗುರುತು ಬೇರೆ. ಗಾಳಿಯಲ್ಲಿ ಹೆಚ್ಚುತ್ತಿರುವುದು ಯಾವುದು ಎಂದು ಅಳೆದು ಹೇಳಬಹುದು; ನೆಲದಡಿಯಿಂದ ಅಗೆದು ತೆಗೆದದ್ದೇ ಹೆಚ್ಚುತ್ತಿದೆ. ಸೂರ್ಯನೇ ಜಾಸ್ತಿ ಕಾಯುತ್ತಿದ್ದರೆ ಮೇಲಿನಿಂದ ಕೆಳಗಿನವರೆಗೆ ಗಾಳಿಯೆಲ್ಲ ಬಿಸಿಯಾಗಬೇಕಿತ್ತು. ಹಾಗಾಗಿಲ್ಲ. ತೀರಾ ಎತ್ತರದಲ್ಲಿ ತಣ್ಣಗಾಗುತ್ತಿದೆ, ನಾವಿರುವ ಕಡೆ ಬಿಸಿಯಾಗುತ್ತಿದೆ. "ಕಂಬಳಿ ಹೊದ್ದೋರ ಥರ ಕಣೇ. ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ. ಆ ಕಂಬಳೀನ ನೇಯ್ದೋರು ನಾವೇ."

ನನ್ನ ಮೈ ಜುಮ್ಮೆಂದಿತು. ಇದನ್ನು ನಾನು ಎಂದೂ ನಿನಗೆ ಹೇಳಿಲ್ಲ — ಕಣ್ಣಿಗೆ ಕಾಣದ, ಕೈಗೆ ಸಿಗದ ಗಾಳಿಯನ್ನು ಹಿಡಿದು "ನೀನು ಯಾವ ಊರಿನವನಪ್ಪ?" ಎಂದು ಕೇಳಿ ಉತ್ತರ ಪಡೆಯಬಲ್ಲ ಮನುಷ್ಯರು ಇದ್ದಾರಲ್ಲ! ಅವರ ಭಾಷೆ ನನ್ನ ಪಕ್ಕದಲ್ಲಿ ಕೂತ ಹುಡುಗಿಗೆ ಅರ್ಥವಾಗುತ್ತದಲ್ಲ! ನಾನು ಅದುವರೆಗೆ ಮಾತೆಂದರೆ ಸದ್ದು ಎಂದುಕೊಂಡಿದ್ದೆ. ಅವತ್ತು ಮೊದಲ ಬಾರಿಗೆ, ಮಾತಿಗೆ ತೂಕವೂ ಇರುತ್ತದೆ ಎಂದು ಗೊತ್ತಾಯಿತು. ದೇವಸ್ಥಾನದಲ್ಲಿ ನಿಂತಾಗಲೂ ನನಗೆ ಅಂಥ ಭಕ್ತಿ ಹುಟ್ಟಿದ್ದಿಲ್ಲ.

ಆಮೇಲೆ ನೀನು ತಲೆಯೆತ್ತಿ ಮೋಡ ನೋಡುತ್ತಿದ್ದೆ.

"ಒಂದ್ ವಿಷ್ಯ ಮಾತ್ರ ನಂಗಿನ್ನೂ ಬಗೆಹರಿದಿಲ್ಲ. ಮೋಡ. ಕೆಲವು ಮೋಡ ನೆರಳು ಕೊಟ್ಟು ತಂಪು ಮಾಡ್ತವೆ, ಕೆಲವು ಬಿಸೀನ ಹಿಡಿದಿಟ್ಕೊಳ್ತವೆ. ಮುಂದೆ ಯಾವ್ದು ಹೆಚ್ಚಾಗುತ್ತೋ... ದೊಡ್ಡ ವಿಜ್ಞಾನಿಗಳಿಗೂ ಪೂರ್ತಿ ಬಗೆಹರಿದಿಲ್ವಂತೆ." ಆಮೇಲೆ, ಒಂದೊಂದೇ ಪದವನ್ನು ಆರಿಸಿ ಇಡುತ್ತ — "ಎಷ್ಟು ಬಿಸಿ ಆಗುತ್ತೆ ಅನ್ನೋದ್ರಲ್ಲಿ ಅನುಮಾನ ಇದೆ. ಆದ್ರೆ ಯಾರಿಂದ ಅನ್ನೋದ್ರಲ್ಲಿ ಇಲ್ಲ."

ಇದೇ ಆ ಮಾತು. ಇಷ್ಟೇ.

ಎದುರಾಳಿಗೆ ಯಾರಾದರೂ ತಮ್ಮ ಅನುಮಾನವನ್ನು ಹೇಳಿಕೊಡುತ್ತಾರೆಯೇ? ನೀನು ಎದುರಾಳಿಗೆ ಹೇಳಲಿಲ್ಲ. ಗೆಳತಿಗೆ ಹೇಳಿದೆ. ವ್ಯತ್ಯಾಸ ನಿನಗೆ ಹೊಳೆಯಲೇ ಇಲ್ಲ. ನನಗೆ ಆ ಕ್ಷಣವೇ ಹೊಳೆಯಿತು.

ಅವತ್ತು ಸಂಜೆ ನಮ್ಮಜ್ಜಿ, "ಯಾವೂರವ್ವಾ? ಯಾರ ಪೈಕಿ?" ಎಂದು ನಿನ್ನನ್ನು ಕೇಳಿದಳು. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಫಿ ಬೇರೆ ಲೋಟದಲ್ಲಿ ಬಂತು. ನೀನು ಕುಡಿದು, ತೊಳೆದು, ಜಗಲಿಯ ಮೇಲೆ ಬೋರಲು ಹಾಕಿದೆ. ನಾನು ನೋಡಿಯೂ ನೋಡದವಳ ಹಾಗೆ ಭಾಷಣ ಉರುಹೊಡೆಯುತ್ತಿದ್ದೆ. ಊರೆಲ್ಲ ಕೇಳುವ ಹಾಗೆ ಕಿರುಚುವ ಬಾಯಿ ಅಜ್ಜಿಯ ಮುಂದೆ ಯಾಕೆ ಹೊಲಿದುಕೊಂಡಿತೋ — ಅದೂ ಒಂದು ತಪ್ಪು, ಅದಕ್ಕೂ ಉತ್ತರ ಕೊಡಬೇಕಾದವಳು ನಾನೇ.

ಮಾರನೆಯ ದಿನ ಸಭಾಂಗಣ ತುಂಬಿತ್ತು. ಬದನವಾಳಿನಿಂದ ನಿನ್ನಮ್ಮ ಬಂದಿದ್ದರು, ಹಿಂದಿನ ಸಾಲಿನಲ್ಲಿ, ಗಂಜಿ ಹಾಕಿದ ಖಾದಿ ಸೀರೆಯಲ್ಲಿ. ಮಗಳು ಮೈಕಿನ ಮುಂದೆ ಮಾತಾಡುವುದನ್ನು ಅವರು ನೋಡಲು ಬಂದದ್ದು ಅದೇ ಮೊದಲು. ನೀನು ಚೆನ್ನಾಗಿಯೇ ಮಾತಾಡಿದೆ. ಎರಡು ನದಿಯ ಗೆರೆಯನ್ನು ಹೇಳಿದೆ, ಕಂಬಳಿ ಹೇಳಿದೆ. ಗದ್ದಲ ಮಾಡುವ ಹಿಂದಿನ ಬೆಂಚಿನ ಹುಡುಗರೂ ಕಿವಿಗೊಟ್ಟರು. ನನಗೆ ಹೊಟ್ಟೆಯುರಿ ಶುರುವಾಯಿತು. ಸುಮ್ಮನೆ ಸುತ್ತು ಬಳಸಿ ಹೇಳುವುದಿಲ್ಲ — ಅದು ಹೊಟ್ಟೆಯುರಿಯೇ. ಮಾತು ನನ್ನ ಆಸ್ತಿ. ಅದರಲ್ಲಿ ನೀನು ಪಾಲು ಕೇಳಿದ ಹಾಗಾಯಿತು.

ನನ್ನ ಸರದಿ ಬಂತು. "ಮೋಡ ಏನು ಮಾಡುತ್ತದೆ ಎಂಬುದೇ ವಿಜ್ಞಾನಿಗಳಿಗೆ ಗೊತ್ತಿಲ್ಲ! ತಲೆಯ ಮೇಲಿನ ಮೋಡವೇ ಗೊತ್ತಿಲ್ಲದವರು, ನನ್ನ ಅಜ್ಜಿಯ ಒಲೆಯ ಹೊಗೆಗೆ ಶಿಕ್ಷೆ ಕೊಡಲು ಹೊರಟಿದ್ದಾರೆ!" ಸಭೆ ಹೋ ಎಂದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಆ ನಗುವಿನ ರುಚಿ — ಇವತ್ತಿಗೂ ಬಾಯಲ್ಲಿ ನೀರೂರುತ್ತದೆ, ನಾಚಿಕೆಯೂ ಆಗುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಸ್ಪರ್ಧೆಯ ಆಟ ಎಂದಾದರೂ ಹೇಳಬಹುದಿತ್ತೇನೋ. ಕೊನೆಗೆ ಪ್ರಶ್ನೆಯ ಸುತ್ತು. ವಿರೋಧದವರು ಪರ ಮಾತಾಡಿದವರಲ್ಲಿ ಯಾರನ್ನು ಬೇಕಾದರೂ ಒಂದು ಪ್ರಶ್ನೆ ಕೇಳಬಹುದು. ಸ್ವಂತ ಕಾಲೇಜಿನವರನ್ನು ಯಾರೂ ಕೇಳುವುದಿಲ್ಲ, ಅಂಕ ಹೋಗುತ್ತದೆ ಎಂದು. ನಾನು ಎದ್ದು ನಿನ್ನನ್ನೇ ಕೇಳಿದೆ. ಬೇರೆ ಕಾಲೇಜಿನವರನ್ನು ಕೇಳಿದ್ದರೆ ಅವರು ಧೈರ್ಯವಾಗಿ ಸುಳ್ಳು ಹೇಳಿಬಿಡುತ್ತಿದ್ದರು. ಅಲ್ಲಿ ಸುಳ್ಳು ಹೇಳಲಾಗದವಳು ನೀನೊಬ್ಬಳೇ ಎಂದು ನನಗೆ ಗೊತ್ತಿತ್ತು.

"ಎದೆ ಮುಟ್ಟಿ ಹೇಳಿ. ಈ ವಿಷಯದಲ್ಲಿ ನಿಮಗೆ ಅನುಮಾನವೇ ಇಲ್ಲವೆ?"

ನೀನು ನನ್ನ ಮುಖ ನೋಡಿದೆ. ಸಿಟ್ಟಿರಲಿಲ್ಲ, ದಾರಿ ತಪ್ಪಿದವರು ನೋಡುವ ಹಾಗೆ ನೋಡಿದೆ. ಆಮೇಲೆ ಮೈಕಿನ ಹತ್ತಿರ ಬಂದು, "ಇದೆ. ಆದರೆ—" ಎಂದೆ.

"ಕೇಳಿದಿರಲ್ಲ, ಮಹನೀಯರೇ!" ಎಂದು ನಾನು ಸಭೆಯ ಕಡೆ ತಿರುಗಿ ಕೈಚಾಚಿದೆ. ನಗು, ಶಿಳ್ಳೆ, ಸಮಯ ಮುಗಿದ ಗಂಟೆ. ನಿನ್ನ ಬಾಯಿ ಇನ್ನೂ ತೆರೆದೇ ಇತ್ತು. ಮತ್ತೊಂದು ನಿಮಿಷ ಕೇಳಿ ಪಡೆಯಬಹುದಿತ್ತು ನೀನು — 'ಆ ಮಾತು ನನ್ನದೇ, ಇವಳು ಅರ್ಧ ಮಾತ್ರ ಹೇಳಿದ್ದಾಳೆ' ಎನ್ನಬಹುದಿತ್ತು. ಅಂದಿದ್ದರೆ ನನ್ನ ಅಂಕ ಹೋಗಿ ಫಲಕ ಕೈತಪ್ಪುತ್ತಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಕುರ್ಚಿಯ ತುದಿಗೆ ಸರಿದು ಕೂತಿದ್ದರು. ನೀನು ಅವರನ್ನು ನೋಡಿದೆ, ಕೂತುಬಿಟ್ಟೆ. ನಮ್ಮಿಬ್ಬರ ಕಾಲೇಜಿಗಾಗಿ ನೀನು ಬಾಯಿ ಮುಚ್ಚಿಕೊಂಡೆ. ಅದೇ ಕಾಲೇಜಿನ ಹೆಸರಲ್ಲಿ ನಾನು ಮೊದಲ ಬಹುಮಾನ ತೆಗೆದುಕೊಂಡೆ.

ಹೊರಗೆ ನಿನ್ನಮ್ಮ ನನ್ನ ಕೆನ್ನೆ ಸವರಿ ಲಟಿಗೆ ಮುರಿದರು. "ಚೆಂದಾಗಿ ಮಾತಾಡ್ದೆ ಕಣವ್ವಾ. ನನ್ ಮಗ್ಳು ಬಾಯಿಲ್ದೋಳು. ನಿನ್ ಜೊತೇಲೇ ಇಟ್ಕೊ, ಒಸಿ ಕಲ್ತ್ಕೊಳ್ಳಲಿ." ನೀನು ಪಕ್ಕದಲ್ಲೇ ನಿಂತಿದ್ದೆ. ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅದೂ ಚೆನ್ನಾಗಿ ಕಾಣುತ್ತದೆ ಎಂದೇ ಮಾಡಿದೆ.

ಬಸ್ಸಿನಲ್ಲಿ ಫಲಕ ನಿನ್ನ ತೊಡೆಯ ಮೇಲಿತ್ತು. ಅಲ್ಲೇ ನೀನು ಆ ಪ್ರಶ್ನೆ ಕೇಳಿದ್ದು. ನಾನು ದೇವರಾಣೆ ಇಟ್ಟಿದ್ದು. "ಸರಿ ಬಿಡು" ಎಂದೆ ನೀನು. ನಂಬಿದೆಯೋ ಇಲ್ಲವೋ — ಇಷ್ಟು ವರ್ಷದಲ್ಲಿ ಒಮ್ಮೆಯೂ ಮತ್ತೆ ಕೇಳಲಿಲ್ಲ. ಆಮೇಲೆ ಯಾವ ವೇದಿಕೆಯನ್ನೂ ಹತ್ತಲಿಲ್ಲ.

ನಾನು ಹತ್ತಿಳಿಯುತ್ತಲೇ ಇದ್ದೇನೆ. ಕನ್ನಡ ಪಾಠ ಮಾಡುತ್ತೇನೆ, ತಾಲ್ಲೂಕಿನ ಸಭೆ ಸಮಾರಂಭಗಳಿಗೆಲ್ಲ ನಿರೂಪಣೆ ನನ್ನದೇ, ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವವಳೂ ನಾನೇ. ಆ ಮೋಡದ ಸಾಲನ್ನು ಎಷ್ಟು ಮಕ್ಕಳಿಗೆ ಉರುಹೊಡೆಸಿದ್ದೇನೋ. "ಸಭೆ ಗೆಲ್ಲುವ ವಾಕ್ಯ" ಎಂದು ಹೇಳಿಕೊಡುತ್ತಿದ್ದೆ. ನೀನು ನಂಜನಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ನಿನ್ನ ಪಾಠ ಚೆನ್ನ ಎಂದು ಮಕ್ಕಳು ಹೇಳುತ್ತಿದ್ದರು. ನನಗೆ ಅದು ಸಮಾಧಾನವಾಗಿತ್ತು, ಅನುಕೂಲವೂ ಆಗಿತ್ತು.

ಈ ಸಲ ಕಪಿಲೆ ಮತ್ತೆ ತಗ್ಗಿನ ಬೀದಿಗಳಿಗೆ ನುಗ್ಗಿ ಇಳಿದ ಮೇಲೆ, ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ಒಂದು ಸಂವಾದ ಇಟ್ಟರು. ಹವಾಮಾನ ಬದಲಾವಣೆಗೆ ಯಾರು ಹೊಣೆ ಎಂದು. ನಿರೂಪಣೆ ನನ್ನದು. ನೀನು ಐದಾರು ಸಾಲು ಹಿಂದೆ ಕೂತಿದ್ದೆ. ಮಾತಾಡಲು ಬಂದವರಲ್ಲಿ ಒಬ್ಬ ಯುವ ಮುಖಂಡ, ನನ್ನದೇ ಶಿಷ್ಯ. ಮೈಕು ಹಿಡಿದವನೇ ಶುರುಮಾಡಿದ — "ತಲೆ ಮೇಲಿನ ಮೋಡವೇ ಗೊತ್ತಿಲ್ಲದವರು, ನನ್ನ ಅಜ್ಜಿಯ ಒಲೆಯ ಹೊಗೆಗೆ..." ಅವನಿಗೆ ಒಲೆ ಊದುವ ಅಜ್ಜಿಯೇ ಇಲ್ಲ, ಅವರದು ಗ್ಯಾಸ್ ಏಜೆನ್ಸಿಯ ಮನೆ. ಅಜ್ಜಿ ನನ್ನವಳು. ನಗು ಮಾತ್ರ ಅದೇ, ಸ್ವಲ್ಪವೂ ಹಳತಾಗಿರಲಿಲ್ಲ.

ನಗು ಮುಗಿಯುವಷ್ಟರಲ್ಲಿ ಮೂಲೆಯಿಂದ ಒಬ್ಬ ಮುದುಕ ಎದ್ದುನಿಂತ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದ.

"ಸಾ, ನನ್ ಮನೆ ಗ್ವಾಡೆ ಬಿದ್ದೋಯ್ತು. ಓದ್ ಸಲಾನೂ ಬಿದ್ದಿತ್ತು. ಇದು ದೇವ್ರು ಮಾಡಿದ್ದಾ, ಮನ್ಸಾ ಮಾಡಿದ್ದಾ? ಮತ್ತೆ ಬತ್ತದಾ, ಇಲ್ವಾ? ಅದೇ ಜಾಗ್ದಲ್ ಕಟ್ಕಳನಾ, ಬ್ಯಾಡ್ವಾ? ಯಾರಾರ ಒಬ್ರು ನಿಜ ಏಳಿ ಸಾ."

ಯಾರೋ, "ಸುಜಾತಾ ಟೀಚರ್ ಇದಾರೆ, ಅವ್ರು ಹೇಳ್ಲಿ" ಎಂದರು. ನೀನು ಅರ್ಧ ಎದ್ದೆ. ನಿನ್ನ ಕಣ್ಣು ನನ್ನ ಕೈಯಲ್ಲಿದ್ದ ಮೈಕಿನ ಮೇಲೆ ಬಿತ್ತು. "ಇಲ್ಲ, ನಂಗೆ ಸಭೇಲಿ ಮಾತಾಡಕ್ಕೆ ಬರಲ್ಲ" ಎಂದು ಕೂತೆ.

ಎರಡು ಹೆಜ್ಜೆ ಇಳಿದು ಬಂದು ಮೈಕು ನಿನ್ನ ಕೈಗಿಡಬಹುದಿತ್ತು. ನಾನು "ಸಮಯದ ಅಭಾವದಿಂದ" ಎಂದು ವಂದನಾರ್ಪಣೆಗೆ ಕರೆದೆ. ಮೊದಲ ಸಲ ಹರೆಯದ ಹೊಟ್ಟೆಯುರಿ ಎನ್ನೋಣ. ಈ ಸಲ ಏನು? ನೀನು ಮಾತಾಡಿದರೆ ಆ ಅರ್ಧ ಮಾತು ಹೊರಗೆ ಬರುತ್ತದೆ ಎಂಬ ಹೆದರಿಕೆ. ಅಷ್ಟೇ.

ಹೊರಗೆ ಬಂದಾಗ ನೀನು ಆ ಮುದುಕನ ಜೊತೆ ಬೇವಿನ ಮರದ ಕೆಳಗೆ ನಿಂತಿದ್ದೆ. ಚಪ್ಪಲಿ ಹುಡುಕುವ ನೆಪದಲ್ಲಿ ನಾನು ನಿಂತು ಕೇಳಿದೆ.

"ಈ ಒಂದ್ ಮಳೆ ಯಾರಿಂದ ಬಂತು ಅಂತ ನಾನು ಹೇಳಕಾಗಲ್ಲ ತಾತ, ನಂಗೆ ಗೊತ್ತಿಲ್ಲ. ಭೂಮಿ ಬಿಸಿ ಮಾಡಿರೋರು ಮನುಷ್ಯರೇ, ಅದು ಗೊತ್ತು. ಬಿಸಿ ಗಾಳಿ ಜಾಸ್ತಿ ನೀರು ಹೊರುತ್ತೆ, ಹಂಗಾಗಿ ಸುರಿದಾಗ ಜೋರಾಗೇ ಸುರಿಯುತ್ತೆ. ಮುಂದಿನ ವರ್ಷವೇ ನೀರು ಬರುತ್ತೆ ಅಂತ ಹೇಳಲ್ಲ. ಬರಲ್ಲ ಅಂತ ನಂಬ್ಕೊಂಡು ಮಾತ್ರ ಅಲ್ಲೇ ಕಟ್ಬೇಡಿ."

ಮುದುಕ ತಲೆಯಾಡಿಸಿದ. "ಅಂಗಂದ್ರೆ ಗೊತ್ತಾಯ್ತದೆ ಕಣವ್ವ. ಇದ್ನ ಒಳಗೇ ಏಳ್ಬಾರ್ದಿತ್ತಾ?" ಎಂದ.

ಅದಕ್ಕೆ ಉತ್ತರ ಕೊಡಬೇಕಾದವಳು ಚಪ್ಪಲಿ ಹುಡುಕುತ್ತಿದ್ದಳು.

'ಗೊತ್ತಿಲ್ಲ' ಎನ್ನುವಾಗಲೂ 'ಗೊತ್ತು' ಎನ್ನುವಾಗಲೂ ನಿನ್ನ ದನಿ ಒಂದೇ ಆಗಿತ್ತು. ಒಂದನ್ನು ಮುಚ್ಚಿಡಲು ಇನ್ನೊಂದನ್ನು ಜೋರಾಗಿ ಹೇಳಲಿಲ್ಲ. ಇಷ್ಟು ವರ್ಷ ಮಾತಿನ ಮೇಲೇ ಬದುಕಿದ ನಾನು ಇಂಥ ಮಾತನ್ನು ಕೇಳಿದ್ದು ಎರಡೇ ಸಲ. ಎರಡೂ ಸಲ ಆಡಿದವಳು ನೀನೇ.

ಅಷ್ಟರಲ್ಲಿ ನೀನು ನನ್ನನ್ನು ನೋಡಿದೆ. ಹತ್ತಿರ ಬಂದೆ. ಈಗ ಕೇಳುತ್ತಾಳೆ, ಈಗ ಬೈಯುತ್ತಾಳೆ ಎಂದುಕೊಂಡೆ. ನೀನು ತಲೆಯೆತ್ತಿ ಆಕಾಶ ನೋಡಿ, ಹಾಸ್ಟೆಲಿನ ಕೋಣೆಯಲ್ಲಿ ಹೇಳುತ್ತಿದ್ದ ಹಾಗೇ ಹೇಳಿದೆ — "ಮೋಡದ್ದು ಈಗ ಒಂದಿಷ್ಟು ಬಗೆಹರೀತಾ ಇದೆ ಕಣೇ, ಪ್ರಮೀ. ಬಿಸೀನ ಹೆಚ್ಚು ಮಾಡೋ ಕಡೆಗೇ ತೂಗ್ತಿದೆಯಂತೆ. ಇನ್ನೂ ಪೂರ್ತಿ ಅಲ್ಲ."

ನಾನು ಯಾವ ಅನುಮಾನವನ್ನು ಕದ್ದು ಬಹುಮಾನ ಮಾಡಿಕೊಂಡೆನೋ, ಅದರ ಹಿಂದೆ ನೀನು ಇಷ್ಟು ವರ್ಷವೂ ನಡೆಯುತ್ತಲೇ ಇದ್ದೆ. ಸ್ಪರ್ಧೆ ನನಗೆ ಮಾತ್ರ ಮುಗಿದಿತ್ತು. ಆ ಬೇವಿನ ಮರದ ಕೆಳಗೆ ನನಗೆ ಮತ್ತೆ ಸಂಗಮದ ಮೆಟ್ಟಿಲ ಮೇಲಿನ ಅದೇ ಜುಮ್ಮು. ಈ ಸಲ ಅದು ಗಾಳಿಯನ್ನು ಅಳೆದವರ ಬಗ್ಗೆ ಅಲ್ಲ.

ಆಗಲೂ ನಾನು ಹೇಳಲಿಲ್ಲ. "ಹೌದಾ?" ಎಂದು ಆಟೋ ಹತ್ತಿದೆ.

ಮುಂದಿನ ಸಂವಾದ ನರಸೀಪುರದಲ್ಲಿ, ಸಂಗಮದಿಂದ ಕೂಗಿದರೆ ಕೇಳುವಷ್ಟು ಹತ್ತಿರ. ನಿರೂಪಣೆಗೆ ನನ್ನನ್ನೇ ಕರೆದಿದ್ದಾರೆ. ವೇದಿಕೆಯಲ್ಲೇ ತಪ್ಪೊಪ್ಪಿಗೆ ಮಾಡೋಣ ಎಂದು ಮೊದಲು ಯೋಚಿಸಿದೆ. ದನಿ ಎಲ್ಲಿ ಇಳಿಸಬೇಕು, ಕಣ್ಣು ಎಲ್ಲಿ ಒರೆಸಬೇಕು ಎಂಬುದೂ ತಾನಾಗಿ ಹೊಳೆಯಿತು. ಆಮೇಲೆ ಗಾಬರಿಯಾಯಿತು. ಜನ ಚಪ್ಪಾಳೆ ತಟ್ಟುತ್ತಾರೆ, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ, ಮತ್ತೆ ಗೆಲ್ಲುವುದು ನಾನೇ. ಅದಕ್ಕೇ ಚಪ್ಪಾಳೆಗೆ ಅವಕಾಶವಿಲ್ಲದ ಹಾಗೆ ಇಲ್ಲಿ ಬರೆದಿದ್ದೇನೆ. ನನ್ನ ಶಿಷ್ಯರು ಓದಲಿ. ಆ ಮುಖಂಡನೂ ಓದಲಿ. ನಿನ್ನಮ್ಮನಿಗೆ ಓದಿ ಹೇಳಲು ಬದನವಾಳಿಗೆ ನಾನೇ ಹೋಗುತ್ತೇನೆ. ಬಾಯಿಲ್ಲದವಳು ನಿಮ್ಮ ಮಗಳಲ್ಲ, ಬಾಯಿ ಮುಚ್ಚಿಸಿದವಳು ನಾನು ಎಂದು ಅವರಿಗೆ ಗೊತ್ತಾಗಬೇಕು.

ಆ ದಿನ ನಾನು ನಿರೂಪಣೆ ಮಾಡುವುದಿಲ್ಲ. ಸಭೆಯಲ್ಲಿ ಕೂರುತ್ತೇನೆ. ನೀನು ಬರಲೇಬೇಕು ಎನ್ನಲಾರೆ. ಬಂದರೂ ಮಾತಾಡಲೇಬೇಕು ಎನ್ನಲಾರೆ, ಕ್ಷಮಿಸು ಎಂದೂ ಕೇಳಲಾರೆ. ನಿನ್ನ ಮಾತನ್ನು ಮಾತ್ರ ನನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ. ತಗೋ, ಪೂರ್ತಿ ಇದೆ —

ಎಷ್ಟು ಅನ್ನೋದ್ರಲ್ಲಿ ಅನುಮಾನ ಇದೆ. ಆದ್ರೆ ಯಾರಿಂದ ಅನ್ನೋದ್ರಲ್ಲಿ ಇಲ್ಲ.